ಎರಡು ಟ್ಯೂಬು, ಒಂದೇ ಅಡುಗೆಮನೆ

ಜಯನಗರ ಏಳನೇ ಬ್ಲಾಕಿನ ಆ ಪುಟ್ಟ ಬಾಡಿಗೆ ಮನೆಯಲ್ಲಿ ಕಾತ್ಯಾಯಿನಿ ಸಂಸಾರ ಹೂಡಿ ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವಳು ಪೂರ್ತಿಯಾಗಿ ನಂಬಿದ ಮನುಷ್ಯರು ಯಾರಾದರೂ ಇದ್ದರೆ ಅದು ತಾನೊಬ್ಬಳೇ. ಹಾಲಿನವನು ಹಸುವನ್ನು ಬಾಗಿಲಿಗೇ ಹೊಡೆದುಕೊಂಡು ಬಂದು ಕಣ್ಣೆದುರು ಕರೆದುಕೊಟ್ಟರೂ ಮೊದಲು ಚೊಂಬನ್ನು ಬೋರಲು ಹಾಕಿಸಿ, ತಳದಲ್ಲಿ ನೀರು ಇಟ್ಟುಕೊಂಡು ಬಂದಿಲ್ಲವೆಂದು ಖಾತರಿ ಮಾಡಿಕೊಳ್ಳುತ್ತಿದ್ದಳು. ತರಕಾರಿ ಗಾಡಿಯ ತಕ್ಕಡಿಯ ತಟ್ಟೆಯ ಕೆಳಗೆ ಬೆರಳಾಡಿಸಿ, ಅಲ್ಲಿ ಏನೂ ಅಂಟಿಸಿಲ್ಲವೆಂದು ಗೊತ್ತಾದ ಮೇಲೇ ಬೀನ್ಸು ತೂಗಿಸುತ್ತಿದ್ದಳು. ಇವತ್ತು ಮಳೆ ಬರುತ್ತದೆ ಎಂದು ರೇಡಿಯೋ ಹೇಳಿದರೆ ಸಾಕು, ಬಟ್ಟೆ ಒಗೆದು ಹೊರಗೆ ಹರವುತ್ತಿದ್ದಳು.

ಹುಟ್ಟುತ್ತಲೇ ಹೀಗಿದ್ದವಳೇನಲ್ಲ. ಮದುವೆಯಾದ ಎರಡನೇ ವರ್ಷ ಟ್ರಂಕು ಜೋಡಿಸುವಾಗ ಗಂಡನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಕೈಗೆ ಸಿಕ್ಕಿತು. ಹುಡುಗನಿಗೆ ಇಪ್ಪತ್ತಾರು ಎಂದು ಹೇಳಿ ಮದುವೆ ಮಾಡಿದ್ದರು. ಲೆಕ್ಕ ಹಾಕಿದರೆ ಆಗ ಮೂವತ್ತೊಂದು. ಗಂಡ ಗುಂಡಣ್ಣ, "ನಮ್ಮಮ್ಮ ಹೇಳಿದ್ದು ಕಣೇ, ನಾನೇನ್ ಮಾಡ್ಲಿ" ಎಂದು ನಕ್ಕುಬಿಟ್ಟ. ಅವಳು ನಗಲಿಲ್ಲ. ವಯಸ್ಸಿನಲ್ಲಿ ಐದು ವರ್ಷ ಮುಚ್ಚಿಟ್ಟವನು ಇನ್ನೇನನ್ನಾದರೂ ಮುಚ್ಚಿಡಬಲ್ಲ ಎಂಬ ಹುಳು ಅವತ್ತು ತಲೆ ಹೊಕ್ಕಿದ್ದು ಮತ್ತೆ ಈಚೆಗೆ ಬರಲಿಲ್ಲ.

ಗುಂಡಣ್ಣ ಸಾಧು ಮನುಷ್ಯ. ಮಿನರ್ವ ಸರ್ಕಲ್ ಕಡೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫು ನೋಡುವ ಕೆಲಸ. ಇಡೀ ದಿನ ಬೇರೆಯವರ ತಪ್ಪು ಹುಡುಕಿ ಸುಸ್ತಾಗಿ ಬರುತ್ತಿದ್ದುದರಿಂದಲೋ ಏನೋ, ಮನೆಯಲ್ಲಿ ಯಾರ ತಪ್ಪನ್ನೂ ಹುಡುಕುತ್ತಿರಲಿಲ್ಲ. ಸಾರು ಉಪ್ಪಾದರೆ ಅನ್ನ ಜಾಸ್ತಿ ಕಲಸಿಕೊಳ್ಳುವ ಜಾತಿ. ಅವನಿಗೆ ಇದ್ದದ್ದು ಒಂದೇ ಚಪಲ: ತಟ್ಟೆಯ ಮುಂದೆ ಕೂತೊಡನೆ ಮೊದಲು ಬಿಸಿ ಅನ್ನಕ್ಕೆ ಚಟ್ನಿಪುಡಿ, ಮೇಲೊಂದು ಚಮಚ ತುಪ್ಪ. ಅದಿಲ್ಲದಿದ್ದರೆ ಊಟವೇ ಆಗಲಿಲ್ಲ. ಅವಳಿಗೆ ಚಟ್ನಿಪುಡಿ ತಿಂದರೆ ಎದೆ ಉರಿ, ಮುಟ್ಟುತ್ತಿರಲಿಲ್ಲ. ಹಾಗಾಗಿ ಅಡುಗೆಮನೆಯ ಗೂಡಿನಲ್ಲಿ ಚಟ್ನಿಪುಡಿಯ ಬಾಟಲಿ ಅವನದೇ ಸ್ವತ್ತು.

ಸಾವಿರದ ಒಂಬೈನೂರ ಎಂಬತ್ತರ ಶ್ರಾವಣದ ಹೊತ್ತಿಗೆ ಕಾತ್ಯಾಯಿನಿ ಒಂದು ವಿಷಯ ಗಮನಿಸಿದಳು. ಗುಂಡಣ್ಣ ಮಂಗಳವಾರ ಮತ್ತು ಶುಕ್ರವಾರ ಮುಕ್ಕಾಲು ಗಂಟೆ ತಡವಾಗಿ ಬರುತ್ತಾನೆ. ಬಂದವನ ಬಾಯಲ್ಲಿ ಏಲಕ್ಕಿ, ಲವಂಗ. ಬಂದೊಡನೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸುತ್ತಾನೆ. ಉಳಿದ ದಿನ ಏಲಕ್ಕಿಯೂ ಇಲ್ಲ, ಮುಕ್ಕಳಿಸುವುದೂ ಇಲ್ಲ.

"ಯಾಕೆ ತಡ?" ಎಂದರೆ, "ಬಸ್ಸು ಸಿಗ್ಲಿಲ್ಲ ಕಣೇ" ಎನ್ನುತ್ತಿದ್ದ. ವಾರದಲ್ಲಿ ಎರಡೇ ದಿನ ಸಿಗದ ಬಸ್ಸು ಯಾವುದಪ್ಪ ಅದು ಎಂದು ಅವಳು ಕೇಳಲಿಲ್ಲ. ಕೇಳಿದರೆ ಹುಷಾರಾಗುತ್ತಾನೆ.

ಪಕ್ಕದ ಮನೆಯ ಈಶ್ವರಮ್ಮನ ತಮ್ಮ ಕುಡಿದು ಕುಡಿದು ಲಿವರ್ ಹಾಳಾಗಿ ಸತ್ತಿದ್ದ. ಹೀಗಾಗಿ ಆ ಬೀದಿಯಲ್ಲಿ ಕುಡಿತದ ವಿಚಾರದಲ್ಲಿ ಈಶ್ವರಮ್ಮನ ಮಾತೇ ಕೊನೆಯ ಮಾತು. ಕಾಂಪೌಂಡಿನ ಗೋಡೆಯ ಆ ಕಡೆಯಿಂದ ಆಕೆ ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದಳು.

"ಏಲಕ್ಕಿ ಯಾಕ್ ಜಗೀತಾರೆ ಹೇಳಿ ಕಾತ್ಯಾಯಿನಿ? ವಾಸನೆ ಮುಚ್ಚಕ್ಕೆ. ನಮ್ಮ್ ತಮ್ಮಾನೂ ಹೀಗೇ ಶುರು ಮಾಡಿದ್ದು. ನೀವೇನೂ ಬಾಯಿ ಬಿಡ್ಬೇಡಿ. ಉತ್ತರಹಳ್ಳಿಯಲ್ಲಿ ಯಲ್ಲಯ್ಯ ಅಂತಿದಾನೆ, ಬಿಡಿಸೋ ಪುಡಿ ಕೊಡ್ತಾನೆ. ಗಂಡಸ್ರಿಗೆ ಗೊತ್ತಾಗ್ದಂಗೆ ಊಟದಲ್ಲಿ ಹಾಕ್ಬೇಕು ಅಷ್ಟೆ."

ಅಂಗಡಿಯ ಅರಿಸಿನವನ್ನೂ ನಂಬದ ಕಾತ್ಯಾಯಿನಿ, ಕಂಡು ಕೇಳರಿಯದ ಯಲ್ಲಯ್ಯನ ಪುಡಿಯನ್ನು ಹೇಗೆ ನಂಬಿದಳೋ ದೇವರೇ ಬಲ್ಲ. ಗಂಡನ ಮೇಲಿನ ಅನುಮಾನ ಅಷ್ಟು ದೊಡ್ಡದಾಗಿತ್ತು, ಮಿಕ್ಕವರ ಮೇಲೆ ಪಡಲು ಉಳಿದಿರಲಿಲ್ಲ ಎಂದು ಕಾಣುತ್ತದೆ. ಬಸ್ಸಿನಲ್ಲಿ ಕೂತು ಹೊಲ ದಾಟಿ ಉತ್ತರಹಳ್ಳಿಗೆ ಹೋದಳು. ಹುಣಸೇಮರದ ಕೆಳಗೆ ಜಗಲಿಯ ಮೇಲೆ ಕೂತಿದ್ದ ಯಲ್ಲಯ್ಯ ಹೆಸರು ಕೂಡ ಕೇಳಲಿಲ್ಲ. ಇಟ್ಟಿಗೆ ಬಣ್ಣದ ನುಣುಪು ಪುಡಿಯನ್ನು ಪೊಟ್ಟಣ ಕಟ್ಟಿಕೊಟ್ಟು, "ಅವ್ರಿಗೆ ಗೊತ್ತಾದ್ರೆ ಕೆಲ್ಸ ಕೆಡ್ತದೆ ತಾಯಿ" ಎಂದ. ಆ ಬಣ್ಣ ನೋಡಿದೊಡನೆ ಅವಳಿಗೆ ಹೊಳೆದದ್ದು ಚಟ್ನಿಪುಡಿಯ ಬಾಟಲಿ. ಅದರಲ್ಲಿ ಕಲಸಿದರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ದೀಪಾವಳಿ ಕಳೆದ ಸೋಮವಾರದಿಂದ ಶುರುವಾಯಿತು. ಗುಂಡಣ್ಣ ಎಂದಿನಂತೆ ಅನ್ನದ ಮೇಲೆ ಚಟ್ನಿಪುಡಿ ಸುರಿದುಕೊಂಡು, ತುಪ್ಪ ಹಾಕಿ ಕಲಸಿ, "ಈ ಸಲ ಹದ ಚೆನ್ನಾಗಿ ಬಂದಿದೆ ಕಣೇ" ಎಂದ. ಅವಳು ಮಜ್ಜಿಗೆ ಬಡಿಸಿದಳು. ಒಂದು ತಿಂಗಳಾಯಿತು, ಎರಡಾಯಿತು. ಮಂಗಳವಾರ ಶುಕ್ರವಾರ ತಡವಾಗಿ ಬರುವುದು ನಿಲ್ಲಲಿಲ್ಲ. ಪುಡಿ ಸಾಲದೇನೋ ಎಂದು ಇನ್ನಷ್ಟು ಸೇರಿಸಿದಳು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಗುಂಡಣ್ಣನ ಕಣ್ಣಿನ ರೆಪ್ಪೆ ಬೆಳಗಿನ ಹೊತ್ತು ಊದಿಕೊಳ್ಳತೊಡಗಿತು. ಆಮೇಲೆ ಕಾಲು. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಇರುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ತುಂಬಲು ಹೊತ್ತಾಗುತ್ತಿತ್ತು. ಈಶ್ವರಮ್ಮ ಗೋಡೆಯಾಚೆಯಿಂದ ಒಂದು ಸಲ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅದೇ ಕಣ್ರೀ. ನಮ್ಮ್ ತಮ್ಮಂಗೂ ಕಾಲೇ ಮೊದ್ಲು ಊದಿದ್ದು."

ಕಾತ್ಯಾಯಿನಿಗೆ ಗಂಡನ ಕಾಲು ನೋಡಿ ಭಯವಾಯಿತು. ಜೊತೆಗೆ, ಹೇಳಲು ನಾಚಿಕೆಯಾಗುವಂಥ ಒಂದು ಗೆಲುವೂ ಆಯಿತು. ಸಿಕ್ಕಿಬಿದ್ದನಲ್ಲ! ಪುಡಿಯನ್ನು ಒಂದು ಚಮಚಕ್ಕೆ ಎರಡು ಮಾಡಿದಳು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಗುಂಡಣ್ಣನ ಕಾಲು ಒತ್ತಿ ನೋಡಿ, "ಕುಡೀತೀರಾ?" ಎಂದು ನೇರವಾಗಿ ಕೇಳಿದರು.

"ಅಯ್ಯೋ ಇಲ್ಲ ಡಾಕ್ಟ್ರೇ" ಎಂದ ಗುಂಡಣ್ಣ. ಕಾತ್ಯಾಯಿನಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಡಾಕ್ಟರು ಅವನನ್ನೂ ಅವಳನ್ನೂ ಒಂದೊಂದು ಸಲ ನೋಡಿ, ರಕ್ತದಲ್ಲಿ ಪ್ರೋಟೀನ್ ಎಷ್ಟಿದೆ, ಕಾಮಾಲೆಯೇನಾದರೂ ಇದೆಯಾ ನೋಡೋಣ ಎಂದು ಚೀಟಿ ಬರೆದುಕೊಟ್ಟರು.

ಲ್ಯಾಬು ನಾಲ್ಕನೇ ಬ್ಲಾಕಿನಲ್ಲಿ, ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆ. ರಕ್ತ ತೆಗೆಯುವ ಚಲುವರಾಜು ಮೂವತ್ತರ ಆಸುಪಾಸಿನ ಗಟ್ಟಿ ಆಳು. ಗುಂಡಣ್ಣನನ್ನು ಕಂಡೊಡನೆ ಅವನ ಮುಖ ಅರಳಿತು. "ಏನ್ ಗುಂಡಣ್ಣೋರೇ, ಈ ಕಡೆ!" ಎಂದವನು ಹಿಂದೆ ನಿಂತಿದ್ದ ಕಾತ್ಯಾಯಿನಿಯನ್ನು ನೋಡಿ ಗಪ್ಪನೆ ಬಾಯಿ ಮುಚ್ಚಿದ. ಗುಂಡಣ್ಣ ಕೆಮ್ಮಿದ. ಕಾತ್ಯಾಯಿನಿಯ ಕಣ್ಣಿಗೆ ಇವೆಲ್ಲ ತಪ್ಪಿಸಿಕೊಂಡು ಹೋಗುವುದುಂಟೇ? ಜೊತೆಗೆ ಕೂತು ಕುಡಿಯುವವನು ಇವನೇ ಎಂದು ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ರಿಪೋರ್ಟು ಬಂತು. ಒಟ್ಟು ಪ್ರೋಟೀನ್ ನಾಲ್ಕು ಪಾಯಿಂಟ್ ನಾಲ್ಕು, ಆರೂವರೆಯಾದರೂ ಇರಬೇಕಿತ್ತು. ಅದರಲ್ಲಿ ಆಲ್ಬುಮಿನ್ ಎಂಬುದು ಮೂರೂವರೆಗಿಂತ ಮೇಲಿರಬೇಕಾದದ್ದು ಬರೀ ಒಂದೂವರೆ. ಡಾಕ್ಟರು ಕಾಗದ ಮಡಿಸುತ್ತ ವಿವರಿಸಿದರು. "ಈ ಆಲ್ಬುಮಿನ್ ರಕ್ತದಲ್ಲಿದ್ರೆ ನೀರು ನಾಳದೊಳಗೇ ನಿಲ್ಲತ್ತೆ. ಕಡಿಮೆ ಆದ್ರೆ ಆಚೆ ಇಳಿದು ಕಾಲು ಊದತ್ತೆ. ಇದನ್ನ ತಯಾರ್ ಮಾಡೋದು ಲಿವರ್ರು. ಪೋಲಾಗ್ದಂಗೆ ಕಾಯೋದು ಕಿಡ್ನಿ. ಒಂದೋ ಲಿವರ್ ಮಾಡ್ತಿಲ್ಲ, ಇಲ್ಲ ಕಿಡ್ನಿ ಸೋರ್ತಿದೆ. ಕಾಮಾಲೆ ಟೆಸ್ಟ್ ಸರಿಯಾಗಿದೆ, ಲಿವರ್ ಮೇಲೆ ನಂಗೆ ಅಷ್ಟು ಅನುಮಾನ ಇಲ್ಲ. ಉಚ್ಚೆ ಪರೀಕ್ಷೆ ಮಾಡಿಸ್ಕೊಂಡು ಬನ್ನಿ."

ಡಾಕ್ಟರಿಗೆ ಅನುಮಾನವಿಲ್ಲದಿದ್ದರೇನು, ಕಾತ್ಯಾಯಿನಿಯ ಬಳಿ ಬೇಕಾದಷ್ಟಿತ್ತು. ಲಿವರ್ ಎಂದು ರಿಪೋರ್ಟು ಬಂದರೆ ಕುಡಿತ ಬಯಲಾಗುತ್ತದೆ. ಕಿಡ್ನಿ ಎಂದು ಬಂದರೆ ಮುಚ್ಚಿಹೋಗುತ್ತದೆ. ಬರೆಯುವವನು ಆ ಚಲುವರಾಜು. ಏನು ಬೇಕಾದರೂ ಬರೆದಾನು. ಮರುದಿನ ಬೆಳಿಗ್ಗೆ ಗಂಡ ಪ್ರೆಸ್ಸಿಗೆ ಹೊರಟ ಮೇಲೆ, ಅವನು ಉಚ್ಚೆ ತುಂಬಿ ಕೊಟ್ಟಿದ್ದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ತಾನೇ ಲ್ಯಾಬಿಗೆ ನಡೆದಳು.

"ಕೊಟ್ಟು ಹೋಗಿ ಅಮ್ಮ, ಸಂಜೆ ರಿಪೋರ್ಟ್ ರೆಡಿ ಇರತ್ತೆ."

"ನನ್ನ ಮುಂದೇನೇ ಮಾಡಿ. ನಾನ್ ನೋಡ್ಬೇಕು."

ಚಲುವರಾಜು ಇಂಥವರನ್ನು ಕಂಡಿರಲಿಲ್ಲ. ನಕ್ಕು, ಸ್ಟೂಲು ಎಳೆದು ಕೊಟ್ಟ. ಉದ್ದನೆಯ ಗಾಜಿನ ಟ್ಯೂಬಿಗೆ ಮುಕ್ಕಾಲು ಭಾಗ ತುಂಬಿ, ಸ್ಪಿರಿಟ್ ದೀಪ ಹಚ್ಚಿ, ಟ್ಯೂಬಿನ ಮೇಲರ್ಧವನ್ನಷ್ಟೇ ಉರಿಗೆ ಹಿಡಿದ. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಕುದಿಯುತ್ತಿದ್ದ ಭಾಗ ಮಬ್ಬಾಗಿ, ನೋಡುನೋಡುತ್ತಿದ್ದಂತೆ ಬೆಳ್ಳಗೆ ಒಡೆದ ಹಾಲಿನಂತೆ ಗರಣೆಗಟ್ಟಿತು. ಎರಡು ಹನಿ ಆಸಿಡ್ ಬಿಟ್ಟ, ಬಿಳುಪು ಕರಗಲಿಲ್ಲ. ಕೆಳಗಿನರ್ಧ ಮಾತ್ರ ತಿಳಿಯಾಗಿ ಹಾಗೇ ಇತ್ತು.

"ನೋಡಿ ಅಮ್ಮ. ರಕ್ತದಲ್ಲಿ ಇರ್ಬೇಕಾದ ಪ್ರೋಟೀನು ಇಲ್ಲಿ ಬಂದು ಬಿದ್ದಿದೆ. ಕಿಡ್ನಿ ಸೋರ್ತಿದೆ."

"ಕುದಿಸಿದ್ರೆ ಯಾರದ್ದಾದ್ರೂ ಹಿಂಗೇ ಆಗತ್ತೇನೋ. ನೀವು ಬಿಟ್ಟ ಹನಿ ಏನೋ, ಯಾರಿಗ್ ಗೊತ್ತು?"

"ನಿಮ್ಮದು ಕೊಡಿ ಹಂಗಾದ್ರೆ. ಅದನ್ನೂ ಕುದಿಸ್ತೀನಿ" ಎಂದ ಚಲುವರಾಜು. ಅವನಿಗೂ ಸ್ವಲ್ಪ ರೇಗಿತ್ತು.

ಬೇರೆ ಯಾವ ಗೃಹಿಣಿಯಾದರೂ ನಾಚಿಕೆಯಿಂದ ಕುಗ್ಗಿ ಮನೆಗೆ ಓಡುತ್ತಿದ್ದಳು. ಕಾತ್ಯಾಯಿನಿ ಕೈ ಚಾಚಿ ಖಾಲಿ ಬಾಟಲಿ ತೆಗೆದುಕೊಂಡು ಹಿತ್ತಿಲಿನ ಕಡೆ ನಡೆದಳು. ಅನುಮಾನ ಬಗೆಹರಿಯುವುದಾದರೆ ಅವಳಿಗೆ ಮಾನದ ಪರಿವೆ ಇರುತ್ತಿರಲಿಲ್ಲ.

ಎರಡನೆಯ ಟ್ಯೂಬು ಉರಿಗೆ ಬಂತು. ಅದೇ ದೀಪ, ಅದೇ ಹನಿ. ಕುದಿಯಿತು, ಹಬೆಯಾಡಿತು, ಮತ್ತೂ ಕುದಿಯಿತು. ತಿಳಿಯಾಗಿಯೇ ಇತ್ತು. ಚಲುವರಾಜು ಎರಡನ್ನೂ ಪಕ್ಕಪಕ್ಕ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ಒಂದು ಬಿಳಿ, ಒಂದು ತಿಳಿ. ಕಾತ್ಯಾಯಿನಿ ಬಗ್ಗಿ ನೋಡಿದಳು. ಇದರಲ್ಲಿ ಮೋಸ ಮಾಡಲು ಎಲ್ಲೂ ಜಾಗವಿರಲಿಲ್ಲ.

ಅವಳ ಮುಖ ನೋಡಿ ಚಲುವರಾಜುವಿನ ಸಿಟ್ಟು ಇಳಿಯಿತು. ಮೆತ್ತಗೆ ಹೇಳಿದ. "ಹೆದರ್ಕೋಬೇಡಿ ಅಮ್ಮ. ಕೆಲವು ಸಲ ಯಾವ್ದಾದ್ರೂ ಔಷಧಿ, ಭಸ್ಮ, ನಾಟಿ ಪುಡಿ ತಗೊಂಡ್ರೂ ಹಿಂಗಾಗತ್ತೆ. ನಿಲ್ಸಿದ್ರೆ ಸರಿಹೋಗೋದುಂಟು. ಅವ್ರೇನಾದ್ರೂ ತಗೋತಿದ್ರಾ? ಇಬ್ರೂ ತಿನ್ನೋದು ಒಂದೇ ಊಟ ತಾನೆ?"

"ಒಂದೇ ಊಟ" ಎಂದಳು ಕಾತ್ಯಾಯಿನಿ. "ಒಂದೇ ಅಡುಗೆಮನೆ. ಅದೇ ಅನ್ನ, ಅದೇ ಹುಳಿ, ಅದೇ…" ಎಂದು ಹೇಳುತ್ತ ಹೇಳುತ್ತ ಅವಳ ನಾಲಿಗೆ ನಿಂತಿತು. ಚಟ್ನಿಪುಡಿ ಒಂದು ಬಿಟ್ಟು.

ಆ ಕ್ಷಣದಲ್ಲಿ ಅವಳಿಗಾದ ಭಯವನ್ನು ಹೇಳಿ ಮುಗಿಸಲು ಆಗುವುದಿಲ್ಲ. ಲ್ಯಾಬಿನಿಂದ ಮನೆಯವರೆಗೆ ಹೇಗೆ ನಡೆದು ಬಂದಳೋ ಅವಳಿಗೇ ತಿಳಿಯಲಿಲ್ಲ. ಬಂದವಳೇ ಗೂಡಿನಿಂದ ಬಾಟಲಿ ತೆಗೆದು ಬಚ್ಚಲಿಗೆ ಸುರಿಯಲು ಬಗ್ಗಿದಳು. ಸುರಿದು, ತೊಳೆದು, ಹೊಸ ಪುಡಿ ಕುಟ್ಟಿಟ್ಟರೆ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಆದರೆ ಬಗ್ಗಿದವಳು ಹಾಗೇ ನಿಂತಳು. ನಿಲ್ಲಿಸಿದಷ್ಟಕ್ಕೇ ಸರಿಹೋಗದಿದ್ದರೆ? ಏನು ತಿಂದನೆಂದು ತಿಳಿಯದೆ ಡಾಕ್ಟರು ಏನೆಂದು ಔಷಧಿ ಕೊಡುತ್ತಾರೆ? ಬಾಟಲಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಅವತ್ತು ಊಟಕ್ಕೆ ಕೂತ ಗುಂಡಣ್ಣ, "ಎಲ್ಲೇ ಚಟ್ನಿಪುಡಿ?" ಎಂದ.

"ಮುಗೀತು."

"ಅಯ್ಯೋ, ಅದೊಂದೇ ರುಚಿ ಹತ್ತೋದು ಈಗ" ಎಂದು ಅವನು ಬರೀ ತುಪ್ಪ ಕಲಸಿಕೊಂಡ. ಅವಳಿಗೆ ಅಳು ಒತ್ತರಿಸಿ ಬಂದು, ಒಲೆಯ ಮೇಲಿನ ಹಾಲು ಉಕ್ಕಿತು ಎಂದು ಸುಳ್ಳು ಹೇಳಿ ಒಳಗೆ ಹೋದಳು.

ಎರಡು ದಿನ ಬಿಟ್ಟು ಇಬ್ಬರೂ ಡಾಕ್ಟರ ಮುಂದೆ ಕೂತಿದ್ದರು. ಡಾಕ್ಟರು ಉಚ್ಚೆಯ ರಿಪೋರ್ಟು ನೋಡಿ ಕನ್ನಡಕ ತೆಗೆದರು. ದೊಡ್ಡಾಸ್ಪತ್ರೆಗೆ ಸೇರಬೇಕು, ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕು, ಕಾರಣ ಸಿಗದಿದ್ದರೆ ತಿಂಗಳುಗಟ್ಟಲೆ ಗಟ್ಟಿ ಮಾತ್ರೆ, ಅಷ್ಟಾದರೂ ಕಿಡ್ನಿ ಉಳಿಯುತ್ತದೆಂದು ಮಾತು ಕೊಡಲಾಗದು ಎಂದರು. "ಅದಕ್ಕೇ ಸರಿಯಾಗಿ ಜ್ಞಾಪಿಸ್ಕೊಂಡು ಹೇಳಿ. ಪುಡಿ, ಲೇಹ್ಯ, ಭಸ್ಮ, ಏನಾದ್ರೂ ತಗೊಂಡಿದೀರಾ?"

"ಏನೂ ಇಲ್ಲ ಡಾಕ್ಟ್ರೇ" ಎಂದ ಗುಂಡಣ್ಣ. "ಇವಳ ಕೈ ಊಟ ಬಿಟ್ರೆ ಬೇರೆ ಏನೂ ಇಲ್ಲ."

ಕಾತ್ಯಾಯಿನಿ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಯಲ್ಲಯ್ಯ, ಉತ್ತರಹಳ್ಳಿ, ಏಲಕ್ಕಿ, ಮಂಗಳವಾರ, ಶುಕ್ರವಾರ, ಒಂದು ಚಮಚ, ಎರಡು ಚಮಚ, ಎಲ್ಲವನ್ನೂ ಹೇಳಿದಳು. ಗಂಡನ ಕಡೆ ನೋಡದೆ ಡಾಕ್ಟರ ಮೇಜಿನ ಮೇಲಿದ್ದ ಮಸಿ ಕಲೆಯನ್ನೇ ನೋಡುತ್ತ ಹೇಳಿದಳು.

ಡಾಕ್ಟರು ಪುಡಿಯನ್ನು ಕಾಗದದ ಮೇಲೆ ಹರಡಿ ಬೆಳಕಿಗೆ ಹಿಡಿದರು. "ಈ ಕೆಂಪು ನೋಡಿದ್ರೆ ಪಾದರಸ ಹಾಕಿರೋ ಹಂಗಿದೆ. ನಾಲ್ಕು ತಿಂಗ್ಳು! ಏನಮ್ಮಾ, ಓದಿದೋಳ ಹಾಗೆ ಕಾಣ್ತೀಯಾ, ನಿನಗೇನಾದ್ರೂ ತಲೆ ಇದೆಯಾ?" ಎಂದು ಗದರಿದರು. ಗುಂಡಣ್ಣ ಬಾಟಲಿಯನ್ನೇ ನೋಡುತ್ತಿದ್ದ.

ಸೂಜಿ ಸದ್ಯಕ್ಕೆ ಬೇಡ, ಪುಡಿ ನಿಂತಿತಲ್ಲ, ಒಂದೆರಡು ತಿಂಗಳು ಕಾದು ನೋಡೋಣ ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. "ಉಪ್ಪು ಕಡಿಮೆ ಮಾಡಿ. ಪ್ರೋಟೀನ್ ಸೇರ್ಬೇಕು. ಬ್ರಾಹ್ಮಣ್ರು ಅಂತ ಗೊತ್ತು, ಆದ್ರೂ ಹೇಳ್ತೀನಿ, ದಿನಾ ಮೊಟ್ಟೆ ತಿಂದ್ರೆ ಒಳ್ಳೇದು."

ಆಗ ಗುಂಡಣ್ಣ ಬಾಯಿ ಬಿಟ್ಟ. "ತಿಂತೀನಿ ಡಾಕ್ಟ್ರೇ." ತಲೆ ತಗ್ಗಿಸಿ, "ತಿಂತಾನೇ ಇದೀನಿ. ಒಂದು ವರ್ಷದಿಂದ. ಮಂಗಳವಾರ, ಶುಕ್ರವಾರ. ಸೌತ್ ಎಂಡ್ ಹತ್ರ ಗಾಡೀಲಿ ಆಮ್ಲೆಟ್ ಹಾಕ್ತಾನೆ. ಆ ಲ್ಯಾಬಿನ ಚಲುವರಾಜೂನೂ ಬರ್ತಾನೆ ಅಲ್ಲಿಗೆ. ಮನೇಲಿ ಗೊತ್ತಾದ್ರೆ ಕಷ್ಟ ಅಂತ ಏಲಕ್ಕಿ…" ಎಂದ.

ಡಾಕ್ಟರು ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದರು. ಒಂದು ಆಮ್ಲೆಟ್ಟಿಗೆ ಹೆದರಿ ಒಬ್ಬ ಏಲಕ್ಕಿ ಜಗಿದ, ಒಂದು ಏಲಕ್ಕಿಗೆ ಹೆದರಿ ಒಬ್ಬಳು ವಿಷ ಹಾಕಿದಳು. ಕಾತ್ಯಾಯಿನಿಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು.

ಗುಂಡಣ್ಣ ಬದುಕಿದ. ಪ್ರತಿ ತಿಂಗಳೂ ಅವಳೇ ಬಾಟಲಿ ಹಿಡಿದು ಲ್ಯಾಬಿಗೆ ಹೋದಳು, ಚಲುವರಾಜು ಅವಳ ಮುಂದೆಯೇ ಕುದಿಸಿದ. ಬಿಳುಪು ತಿಂಗಳಿಂದ ತಿಂಗಳಿಗೆ ತೆಳುವಾಗುತ್ತ ಬಂತು. ರಕ್ತದ ಆಲ್ಬುಮಿನ್ ಎರಡಾಯಿತು, ಮೂರಾಯಿತು. ಎಂಬತ್ತೆರಡರ ಯುಗಾದಿಗೆ ನಾಲ್ಕರ ಹತ್ತಿರ ಬಂತು. ಅವತ್ತು ಕುದಿಸಿದ ಟ್ಯೂಬು ಪೂರ್ತಿ ತಿಳಿಯಾಗಿತ್ತು. ಕಾತ್ಯಾಯಿನಿ ಚಲುವರಾಜುವಿನ ಎದುರಿಗೇ ಬಿಕ್ಕಿಬಿಕ್ಕಿ ಅತ್ತಳು.

ಇಷ್ಟಾದರೂ ಗುಂಡಣ್ಣ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಡಾಕ್ಟರ ಬಳಿಯಿಂದ ಬಂದ ಮಾರನೆಯ ದಿನ ಅವಳು ಹೊಸದಾಗಿ ಚಟ್ನಿಪುಡಿ ಕುಟ್ಟಿ ಬಡಿಸಿದಾಗ ಅವನು ತಟ್ಟೆಯ ಮುಂದೆ ಕೈ ಮಡಿಸಿಕೊಂಡು ಸುಮ್ಮನೆ ಕೂತ. ಅನ್ನ ಆರುತ್ತಿತ್ತು. ಏನು ಬೇಕು ಎಂದು ಕೇಳಿದರೆ ಏನೂ ಇಲ್ಲ ಎಂದ. ಆದರೂ ಕೈ ಹಾಕಲಿಲ್ಲ. ಅವಳಿಗೆ ಅರ್ಥವಾಯಿತು. ಅವನ ತಟ್ಟೆಯಿಂದಲೇ ಒಂದು ತುತ್ತು ಕಲಸಿ, ಅವನ ಕಣ್ಣೆದುರು ತಿಂದು ನುಂಗಿದಳು. ಆಮೇಲೆ ಅವನು ಊಟ ಶುರು ಮಾಡಿದ.

ಅದೇ ರೂಢಿಯಾಯಿತು. ಗಂಡನ ಊಟವಾದ ಮೇಲೆ ಉಣ್ಣುವ ಮನೆತನದಿಂದ ಬಂದವಳು ಅವನಿಗಿಂತ ಮೊದಲು ಅವನ ತಟ್ಟೆಯಿಂದ ತುತ್ತು ಎತ್ತುತ್ತಿದ್ದಳು. ಅವನು ಕೇಳಲಿಲ್ಲ, ಅವಳು ಬಿಡಲಿಲ್ಲ. ಚಟ್ನಿಪುಡಿಯಿಂದ ದಿನವೂ ಎದೆ ಉರಿಯುತ್ತಿತ್ತು. ಉರಿಯಲಿ ಎಂದುಕೊಂಡಳು. ಅನುಮಾನದ ಕಣ್ಣು ಅವನಿಗೆ ಹೊಸದಾಗಿ ಬಂದಿತ್ತು, ಅದನ್ನು ಕೊಟ್ಟವಳು ತಾನೇ. ಈಶ್ವರಮ್ಮನ ಜೊತೆ ಮಾತು ಬಿಟ್ಟಿದ್ದಳು. ಹಾಲಿನವನ ಚೊಂಬು ಮಾತ್ರ ಈಗಲೂ ಬೋರಲು ಹಾಕಿಸುತ್ತಿದ್ದಳು. ಮಂಗಳವಾರ ಶುಕ್ರವಾರ ಅವನು ಏಲಕ್ಕಿ ಇಲ್ಲದೆ, ಈರುಳ್ಳಿ ಆಮ್ಲೆಟ್ಟಿನ ವಾಸನೆಯ ಸಮೇತ ಮನೆಗೆ ಬರುತ್ತಿದ್ದ. ಅವಳು ಕಾಲು ತೊಳೆಯಲು ನೀರು ಕೊಡುತ್ತಿದ್ದಳು.

ಐದು ವರ್ಷ ಹೀಗೆ ನಡೆಯಿತು.

ಎಂಬತ್ತಾರರ ಕಾರ್ತಿಕದ ಒಂದು ಭಾನುವಾರ ಮಧ್ಯಾಹ್ನ ಗುಂಡಣ್ಣ ಪೇಪರು ಹಿಡಿದುಕೊಂಡೇ ಊಟಕ್ಕೆ ಕೂತ. ಪೇಪರಿನಲ್ಲಿ ಯಾವುದೋ ಅಚ್ಚಿನ ತಪ್ಪು ಸಿಕ್ಕಿ, ತನ್ನಷ್ಟಕ್ಕೆ ತಾನೇ ಗೊಣಗುತ್ತಿದ್ದ. ಕಾತ್ಯಾಯಿನಿ ಅನ್ನ ಬಡಿಸಿ, ಪುಡಿ ಹಾಕಿ, ತುಪ್ಪದ ಗಿಂಡಿ ತರಲು ಒಳಗೆ ಹೋದಳು. ತುಪ್ಪ ಹೆಪ್ಪುಗಟ್ಟಿತ್ತು, ಕರಗಿಸಿ ತರಲು ಎರಡು ನಿಮಿಷ ಹಿಡಿಯಿತು. ಈಚೆಗೆ ಬಂದು ನೋಡುತ್ತಾಳೆ, ಗುಂಡಣ್ಣ ಕಣ್ಣನ್ನು ಪೇಪರಿನ ಮೇಲೇ ಇಟ್ಟು, ಎಡಗೈಯಲ್ಲಿ ಹಾಳೆ ತಿರುವುತ್ತ, ಬಲಗೈಯಲ್ಲಿ ಬರೀ ಚಟ್ನಿಪುಡಿ ಅನ್ನವನ್ನು ಕಲಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ. ಆಗಲೇ ನಾಲ್ಕೈದು ತುತ್ತು ಆಗಿತ್ತು.

ಅವಳು ಬಾಗಿಲಲ್ಲೇ ನಿಂತಳು. ಸದ್ದು ಮಾಡಿದರೆ ಎಲ್ಲಿ ಅವನಿಗೆ ನೆನಪಾಗಿಬಿಡುತ್ತದೋ ಎಂದು ಉಸಿರು ಬಿಗಿಹಿಡಿದು ನಿಂತೇ ಇದ್ದಳು.

"ತುಪ್ಪ ತಾರೇ, ಎಷ್ಟೊತ್ತು?" ಎಂದ ಗುಂಡಣ್ಣ, ತಲೆ ಎತ್ತದೆ.